ಹಾಡಿಗೆ ಹಾಕಿದ ಅಂಕಿಗಳು

ಆಂಧ್ರ ಪ್ರದೇಶವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆಗ ನಾನು ಆದೋನಿಯ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ವಯಸ್ಸು ಇಪ್ಪತ್ಮೂರು. ಮೂರನೆಯ ಮತ್ತು ನಾಲ್ಕನೆಯ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ತಾಯಿ ಇರಲಿಲ್ಲ. ತಂದೆ ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿದವರು. ಕಂಪನಿ ಮುಚ್ಚಿದ ಮೇಲೆ ಕಾಲಿನಿಂದ ತಿದಿ ತುಳಿದು ನುಡಿಸುವ ತಮ್ಮ ಹಾರ್ಮೋನಿಯಂ ಅನ್ನು, ಕಾಲುಪೆಟ್ಟಿಗೆಯನ್ನು, ಎತ್ತಿನ ಗಾಡಿಗೆ ಹೇರಿಕೊಂಡು ಊರಿಗೆ ಬಂದು, ಪಡಸಾಲೆಯಲ್ಲೇ ನಾಲ್ಕಾರು ಮಂದಿಗೆ ಪಾಠ ಹೇಳುತ್ತಿದ್ದರು. ನನಗೆ ಹಾಡಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಯಾರಾದರೂ ದನಿ ಎತ್ತಿದರೆ ಅದು ಪೆಟ್ಟಿಗೆಯ ಎಷ್ಟನೆಯ ಮನೆ ಎಂದು ಹೇಳುತ್ತಿದ್ದೆ. ಪೆಟ್ಟಿಗೆಯ ಕರಿ ಬಿಳಿ ಕೀಲಿಗಳನ್ನು ನಮ್ಮಲ್ಲಿ ಮನೆ ಎಂದೇ ಕರೆಯುತ್ತಿದ್ದರು.

ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ಮೈಸೂರು ಕಡೆಯ ಒಬ್ಬ ಹೆಂಗಸು ಹೆಡ್‌ಮಾಸ್ತರರನ್ನು ಕಾಣಲು ಬಂದರು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಗಂಜಿ ಹಾಕಿದ ನೂಲಿನ ಸೀರೆ. ವಿಶ್ವವಿದ್ಯಾಲಯವೊಂದರಲ್ಲಿ ಸಂಗೀತದ ಸಂಶೋಧನೆ ಮಾಡುತ್ತಿದ್ದರಂತೆ. ನಮ್ಮ ಸೀಮೆಯ ಹೆಂಗಸರು ಕಲ್ಲು ಬೀಸುವಾಗ, ಮದುವೆಯಲ್ಲಿ, ತೊಟ್ಟಿಲ ಬಳಿ ಹಾಡುವುದನ್ನೆಲ್ಲ ಅಳೆಯಬೇಕು ಎಂದರು. ಬರೆದುಕೊಳ್ಳಬೇಕು ಎನ್ನಲಿಲ್ಲ, ಅಳೆಯಬೇಕು ಎಂದರು.

“ಅಳೆಯೋದು ಅಂದ್ರ?” ಎಂದು ಹೆಡ್‌ಮಾಸ್ತರರು ಎರಡು ಸಲ ಕೇಳಿದರು. ಆಮೇಲೆ ನನ್ನನ್ನು ಕರೆಸಿ, “ಈ ಅಕ್ಕೋರಿಗೆ ತೆಲುಗೂ ಬರತೈತಿ, ಪೆಟಿಗಿ ಶ್ರುತೀನೂ ಗೊತ್ತೈತಿ. ರಜಾ ಮುಗಿಯೋ ತನಕ ಮನ್ಯಾಗ ಖಾಲಿ ಇರ್ತಾರ,” ಎಂದು ಒಪ್ಪಿಸಿಬಿಟ್ಟರು. ನಮ್ಮ ಕಡೆ ಹೆಣ್ಣು ಟೀಚರನ್ನು ಅಕ್ಕೋರು ಎನ್ನುತ್ತಾರೆ. ಬಂದವರನ್ನು ನಾನು ಮೇಡಂ ಎಂದೆ. ಹಳ್ಳಿಗಳಲ್ಲಿ ಅವರು ಮೇಡಮ್ಮ ಆದರು.

ಅವರ ಚೀಲದಲ್ಲಿ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳ ಕಟ್ಟಿತ್ತು, ಒಂದು ಸ್ಟಾಪ್‌ವಾಚ್ ಇತ್ತು, ಕವೆಯ ಆಕಾರದ ಒಂದು ಉಕ್ಕಿನ ಕಡ್ಡಿ ಇತ್ತು. ಕಡ್ಡಿಯನ್ನು ಮೊಣಕಾಲಿಗೆ ತಟ್ಟಿ ಕಿವಿಯ ಹತ್ತಿರ ಹಿಡಿದರೆ ಎಲ್ಲಿಯೇ ಆಗಲಿ, ಯಾವಾಗಲೇ ಆಗಲಿ, ಒಂದೇ ಸ್ವರ. ಹಾಳೆಯಲ್ಲಿ ಪ್ರತಿ ಹಾಡಿನ ಎದುರು ತುಂಬಬೇಕಾದ ಕಾಲಂಗಳಲ್ಲಿ ಎಲ್ಲವೂ ಅಂಕಿಗಳೇ. ಹಾಡಿನ ಬಗೆಗೆ ಒಂದು ಅಂಕಿ: ಬೀಸುವ ಪದಕ್ಕೆ ಒಂದು, ಸೋಬಾನೆಗೆ ಎರಡು, ಜೋಗುಳಕ್ಕೆ ಮೂರು, ಸತ್ತವರ ಮುಂದೆ ಹಾಡಿಕೊಂಡು ಅಳುವುದಕ್ಕೆ ನಾಲ್ಕು. ಆಮೇಲೆ ಹಾಡಿದವಳ ಶ್ರುತಿ ಪೆಟ್ಟಿಗೆಯ ಎಷ್ಟನೆಯ ಮನೆ, ಹಾಡು ಎಷ್ಟು ಸೆಕೆಂಡು ಹಿಡಿಯಿತು, ಊರಿನವರು ಆಕೆಗೆ ಕೊಡುವ ಸ್ಥಾನ ಎಷ್ಟನೆಯದು. ಈ ಕೊನೆಯದಕ್ಕೆ ಪ್ರತಿ ಊರಿನಲ್ಲಿ ಐದು ಮಂದಿ ಹಿರಿಯ ಹೆಂಗಸರನ್ನು ಕೂರಿಸಿ ಕೇಳಿಸಬೇಕು; ಅವರು ಒಮ್ಮತದಿಂದ ದನಿಗೆ, ಪದದ ನೆನಪಿಗೆ, ಲಯಕ್ಕೆ ಬೇರೆ ಬೇರೆಯಾಗಿ ಮೊದಲನೆಯವಳು ಯಾರು, ಎರಡನೆಯವಳು ಯಾರು ಎಂದು ಹೇಳಬೇಕು.

ಮೊದಲು ಹೋದದ್ದು ಆಸ್ಪರಿಗೆ. ಬೆಳಗಿನ ರೈಲಿಗೆ ಇಳಿದೆವು. ಕಡಲೆಕಾಯಿ ಸುಲಿಯುವ ಕೆಲಸಕ್ಕೆ ಕೂತಿದ್ದ ಹೆಂಗಸರ ಗುಂಪಿನಲ್ಲಿ ಒಬ್ಬಾಕೆ, ನಲವತ್ತು ದಾಟಿದ್ದವಳು, ಮಾತಿಗೆ ಮೊದಲು ನಗುವವಳು, “ಪದ ಅಳೀತೀರಂತಲ್ಲ, ಸೇರಿಲೇನೋ ಗಜದಿಂದಲೇನೋ?” ಎಂದು ಕೇಳಿದಳು. ಎಲ್ಲರೂ ನಕ್ಕರು. ಅವಳೇ ಮೊದಲು ಹಾಡಿದಳು. ದನಿ ದೊಡ್ಡದು, ಸ್ವಲ್ಪ ಒರಟು. ಒಂದು ಜೋಗುಳ, ಎರಡು ಬೀಸುವ ಪದ. ಆಸ್ಪರಿಯ ಐವರೂ ಅವಳನ್ನೇ ಮೊದಲನೆಯವಳೆಂದರು. ಅವಳ ಜೊತೆ ಹಾಡಲು ಬಂದ ಉಳಿದ ಮೂವರು ನಾಚಿ ನಾಚಿ ಹಾಡಿದವರು; ಒಬ್ಬಳಂತೂ ಸೆರಗು ಬಾಯಿಗಿಟ್ಟುಕೊಂಡೇ ಮುಗಿಸಿದಳು.

ಅಂದು ಸಂಜೆ ಉಳಿದುಕೊಂಡಿದ್ದ ಶಾಲೆಯ ಕೋಣೆಯಲ್ಲಿ ಮೇಡಂ ಸ್ನಾನಕ್ಕೆ ಹೋದಾಗ ನಾನು ಕೈ ಸುಮ್ಮನಿರಲಾರದೆ ಹಾಳೆಯ ಮೊದಲ ಕಾಲಂ ಕೂಡಿಸಿದೆ. ಹದಿಮೂರು ಹಾಡು, ಮೊತ್ತ ಇಪ್ಪತ್ತಾರು. ಭಾಗಿಸಿ, ಕೆಳಗೆ ಕೆಂಪು ಶಾಯಿಯಲ್ಲಿ ‘ಸರಾಸರಿ ೨’ ಎಂದು ಬರೆದೆ. ಮೇಡಂ ಬಂದು ನೋಡಿದರು. ಕೂದಲು ಒರೆಸಿಕೊಳ್ಳುತ್ತ, “ಇದೇನಿದು?” ಎಂದರು.

“ಸರಾಸರಿ, ಮೇಡಂ.”

“ಎರಡು ಅಂದರೆ ಸೋಬಾನೆ. ಇವತ್ತು ಒಂದಾದರೂ ಸೋಬಾನೆ ಕೇಳಿದೆವಾ?”

ಕೇಳಿರಲಿಲ್ಲ. ಆ ದಿನ ಸಿಕ್ಕಿದ್ದು ಬೀಸುವ ಪದ, ಜೋಗುಳ ಮತ್ತು ಒಂದು ಅಳುವ ಹಾಡು.

“ನಿಮ್ಮ ಹಾಜರಿ ಪುಸ್ತಕದಲ್ಲಿ ಮಕ್ಕಳಿಗೆ ಕ್ರಮಸಂಖ್ಯೆ ಇರುತ್ತಲ್ಲ ಟೀಚರ್, ಅದನ್ನು ಕೂಡಿಸಿ ಸರಾಸರಿ ತೆಗೆಯುತ್ತೀರಾ?”

“ಇಲ್ಲ.”

“ಇದೂ ಹಾಗೇ. ಇಲ್ಲಿ ಅಂಕಿ ಬರೀ ಹೆಸರು. ಒಂದರ ಬದಲು ಏಳು ಅಂತ ಇಟ್ಟಿದ್ದರೂ ನಡೆಯುತ್ತಿತ್ತು. ಯಾವುದು ಎಷ್ಟು ಸಲ ಬಂತು ಅಂತ ಎಣಿಸಬಹುದು, ಅಷ್ಟೇ.”

ಬೈಯಲಿಲ್ಲ. ಕೆಂಪು ಶಾಯಿಯ ಮೇಲೆ ಒಂದು ಗೆರೆ ಎಳೆದರು. ಲೆಕ್ಕದ ಟೀಚರು ನಾನು.

ಮದ್ದಿಕೇರದಲ್ಲಿ ಇನ್ನೊಂದು ಬಗೆಯ ತಪ್ಪು ಮಾಡಿದೆ. ತಂದೆಯ ಕಾಲುಪೆಟ್ಟಿಗೆ ಹೊತ್ತು ತಿರುಗುವಂಥದ್ದಲ್ಲವಾದ್ದರಿಂದ ಆಯಾ ಊರಿನ ಭಜನೆಯವರ ಕೈಪೆಟ್ಟಿಗೆಯನ್ನೇ ಕೇಳಿ ತರುತ್ತಿದ್ದೆವು. ಎಡಗಡೆಯ ತುದಿಯಿಂದ ಕರಿ ಬಿಳಿ ಎರಡನ್ನೂ ಸೇರಿಸಿ ಒಂದು, ಎರಡು, ಮೂರು ಎಂದು ಎಣಿಸಿ, ಹಾಡಿದವಳ ಷಡ್ಜ ಎಲ್ಲಿ ಕೂರುತ್ತದೋ ಆ ಮನೆಯ ಅಂಕಿ ಬರೆಯುವುದು ನನ್ನ ಕೆಲಸ. ಆಸ್ಪರಿಯ ನಗುಮುಖದವಳದು ಏಳನೆಯ ಮನೆ. ಮದ್ದಿಕೇರದಲ್ಲಿ ಒಬ್ಬಳು ತೆಳ್ಳನೆಯ ಹುಡುಗಿ ಹದಿನಾಲ್ಕನೆಯ ಮನೆಯಲ್ಲಿ ಹಾಡಿದಳು. ಊರಿಗೆ ವಾಪಸು ಬಂದವಳು ಊಟಕ್ಕೆ ಕೂತಾಗ ತಂದೆಗೆ ಹೇಳಿದೆ: “ಮದ್ದಿಕೇರದ ಹುಡುಗಿದು ಆಸ್ಪರಿ ಆಕಿಗಿಂತ ಎಲ್ಡು ಪಟ್ಟು ಮ್ಯಾಲಿನ ಶ್ರುತಿ ಐತಪ್ಪ.”

ತಂದೆ ತುತ್ತು ಕೈಯಲ್ಲೇ ಹಿಡಿದು, “ಹೆಂಗ?” ಎಂದರು.

“ಏಳು, ಹದಿನಾಕು.”

“ಈ ಓಣ್ಯಾಗ ನಮ್ಮ ಮನಿ ನಂಬರು ಹದಿನಾಕು. ಆಚಿ ಅವರದು ಏಳು. ನಮ್ಮ ಮನಿ ಅವರ ಮನಿಗಿಂತ ಡಬಲ್ ಐತೇನವ್ವಾ?”

ನಮ್ಮ ಮನೆ ಅವರದರ ಅರ್ಧವೂ ಇರಲಿಲ್ಲ. ತಂದೆ ಅಷ್ಟಕ್ಕೇ ಬಿಟ್ಟು ಉಣ್ಣತೊಡಗಿದರು. ಮರುದಿನ ಮೇಡಂಗೆ ಇದನ್ನು ಹೇಳಿದಾಗ ಅವರಿಗೆ ತಂದೆಯ ಮಾತು ಬಹಳ ಹಿಡಿಸಿತು. ಅವರನ್ನು ನೋಡಬೇಕೆಂದು ಮನೆಗೇ ಬಂದರು. ಆ ಹೊತ್ತು ಇಬ್ಬರೂ ಉಕ್ಕಿನ ಕಡ್ಡಿಯನ್ನು ತಟ್ಟಿ ತಟ್ಟಿ ಆಯಾ ಊರಿನ ಪೆಟ್ಟಿಗೆಯಲ್ಲಿ ಕಡ್ಡಿಯ ಸ್ವರ ಎಷ್ಟನೆಯ ಮನೆಗೆ ಹೊಂದಿತ್ತೆಂದು ನಾನು ಬರೆದಿದ್ದ ಟಿಪ್ಪಣಿಗಳನ್ನು ಪರೀಕ್ಷಿಸಿದರು. ಆಸ್ಪರಿಯ ಪೆಟ್ಟಿಗೆ ಶುರುವಾಗುವ ಸ್ವರ ಬೇರೆ, ಮದ್ದಿಕೇರದ್ದು ಶುರುವಾಗುವ ಸ್ವರ ಬೇರೆ ಎಂದು ಗೊತ್ತಾಯಿತು. ಮದ್ದಿಕೇರದ್ದು ಎರಡು ಮನೆ ಕೆಳಗಿನಿಂದ ಹೊರಡುತ್ತಿತ್ತು. ಆಸ್ಪರಿಯ ಪೆಟ್ಟಿಗೆಯಲ್ಲಿ ಎಣಿಸಿದ್ದರೆ ಆ ಹುಡುಗಿಯ ಹದಿನಾಲ್ಕು ಹನ್ನೆರಡಾಗುತ್ತಿತ್ತು. ಎರಡು ಪಟ್ಟೆಂಬುದು ಅಲ್ಲಿಗೆ ಹೋಯಿತು.

“ಆದರೆ ಮದ್ದಿಕೇರದಲ್ಲೇ ಹನ್ನೊಂದರಲ್ಲಿ ಹಾಡಿದವಳಿದ್ದಾಳಲ್ಲ,” ಎಂದರು ಮೇಡಂ, “ಅವಳಿಗೂ ಈ ಹುಡುಗಿಗೂ ಮೂರು ಮನೆ ಅಂತರ. ಯಾವ ಪೆಟ್ಟಿಗೆ ತಂದರೂ ಆ ಮೂರು ಮೂರೇ. ಅಂತರವನ್ನು ನಂಬಿ. ಎಷ್ಟು ಪಟ್ಟು ಅಂತ ಮಾತ್ರ ಕೇಳಬೇಡಿ. ಎಲ್ಲಿಂದ ಎಣಿಸಬೇಕು ಅನ್ನೋದು ನಾವು ಇಟ್ಟುಕೊಂಡದ್ದು, ಹಾಡಿನದಲ್ಲ.”

“ಕಂಪನ್ಯಾಗ ಇದನ್ನ ಯಾರೂ ಹಿಂಗ ಬಿಡಿಸಿ ಹೇಳ್ಲಿಲ್ಲ್ರೀ,” ಎಂದರು ತಂದೆ. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಆಮೇಲೆ ಹೆಚ್ಚು ನೋಡಲಿಲ್ಲ.

ಮೂರನೆಯ ಊರು ಹಾಲಹರವಿ. ಬಳ್ಳಾರಿ ರಸ್ತೆಯ ಬಸ್ಸು ಹಿಡಿದು ಹೋದೆವು. ಅಲ್ಲಿ ಕುರಿ ಸಾಕುವ ಒಂದು ಮನೆಯ ಗಂಡಸರು ಹಿಂಡು ಹೊಡೆದುಕೊಂಡು ಹೊಳೆ ಸೀಮೆಗೆ ಹೋಗಿದ್ದರು. ಮನೆಯಲ್ಲಿ ಇದ್ದವರು ಇಬ್ಬರು ವಾರಗಿತ್ತಿಯರು. ಹಿರಿಯಳಿಗೆ ಐವತ್ತರ ಹತ್ತಿರ, ಕಿರಿಯಳಿಗೆ ಮೂವತ್ತು. ಇಬ್ಬರೂ ಎದುರು ಬದುರು ಕೂತು, ಒಂದೇ ಗೂಟ ಹಿಡಿದು ಜೋಳ ಬೀಸುತ್ತ ಹಾಡಿದರು. ತವರಿನಿಂದ ಗಂಡನ ಮನೆಗೆ ಹೋಗುವ ದಾರಿಯಲ್ಲಿ ಒಬ್ಬಳಿಗೆ ಕಂಡದ್ದೆಲ್ಲ ಆ ಪದದಲ್ಲಿತ್ತು: ಯಾರ ಹೊಲ, ಯಾವ ಬಾವಿ, ಎಲ್ಲಿ ಗಾಡಿ ನಿಂತಿತು, ಯಾರು ನೀರು ಕೊಟ್ಟರು. ಹಿರಿಯಳು ಸಾಲು ಎತ್ತುವಳು. ಸಾಲಿನ ನಡುವೆ, ಒಂದೊಂದು ಸಲ ಒಂದು ಶಬ್ದದ ನಡುವೆಯೇ, ಕಿರಿಯಳು ಅದನ್ನು ತೆಗೆದುಕೊಂಡು ಮುಗಿಸುವಳು. ಎಲ್ಲಿ ಕೈ ಬದಲಾಯಿತು ಎಂದು ನನ್ನ ಕಿವಿಗೆ ಹತ್ತಲಿಲ್ಲ. ಕಿರಿಯಳ ದನಿ ಕೇಳಿ ಮೇಡಂ ಸ್ಟಾಪ್‌ವಾಚ್ ಒತ್ತುವುದನ್ನೇ ಮರೆತರು. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಹಾಡಿಸಿದೆವು. ಹತ್ತು ನಿಮಿಷ ನಲವತ್ತು ಸೆಕೆಂಡು.

ಐವರು ಹಿರಿಯ ಹೆಂಗಸರು ಅದೇ ಅಂಗಳದಲ್ಲಿ ಕೂತು ಸ್ಥಾನ ಹೇಳಿದರು. ದನಿ, ನೆನಪು, ಲಯ ಮೂರಕ್ಕೂ ಹಿರಿಯಳು ಒಂದು, ಕಿರಿಯಳು ಎರಡು. ಆ ಊರಿನಲ್ಲಿ ಹಾಡಿದ ಉಳಿದವರು ಮೂರು, ನಾಲ್ಕು. ನಾನು ಬರೆದುಕೊಂಡು, ಶಾಲೆಯಲ್ಲಿ ಪರೀಕ್ಷೆಯ ಫಲಿತಾಂಶ ಓದುವ ಹಾಗೆ ಅದನ್ನು ಎದ್ದು ನಿಂತು ಗಟ್ಟಿಯಾಗಿ ಓದಿದೆ. ಅಂಗಳದ ತುಂಬ ಜನರಿದ್ದರು. ಕಿರಿಯಳು ಹಿಟ್ಟು ಬಳಿಯುತ್ತಿದ್ದವಳು ಒಮ್ಮೆ ತಲೆ ಎತ್ತಿ ನೋಡಿದಳು. ಯಾರೂ ನನ್ನನ್ನು ಓದಲು ಹೇಳಿರಲಿಲ್ಲ.

ಆಮೇಲೆ ಮೇಡಂ ಮದ್ರಾಸಿಗೆ ಹೋದರು. ಅಲ್ಲಿಂದ ಹಾಡು ಹಿಡಿಯುವ ಟೇಪ್ ರೆಕಾರ್ಡರನ್ನು ತರುವುದಿತ್ತು. ಹಳ್ಳಿಗಳಿಗೆ ಕರೆಂಟ್ ಇರಲಿಲ್ಲವಾದ್ದರಿಂದ ಹಾಡುವವರನ್ನೇ ಆದೋನಿಗೆ ಕರೆಸಬೇಕು. ನಮ್ಮ ಪಾಲಿಗೆ ಸಿಗುವುದು ಒಂದೇ ರೀಲು, ಮೂವತ್ತು ನಿಮಿಷದ್ದು. “ಆರು ಜನ ಸಾಕು. ಪಟ್ಟಿ ನೀವೇ ಮಾಡಿ, ಹೇಳಿ ಕಳಿಸಿ. ನಾನು ವಾರದಲ್ಲಿ ಬರುತ್ತೇನೆ,” ಎಂದು ಹೋದರು.

ಪಟ್ಟಿ ಮಾಡಲು ನನಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಪ್ರತಿಯೊಬ್ಬಳ ಮೂರು ಸ್ಥಾನಗಳನ್ನೂ ಕೂಡಿಸಿದೆ. ಮೊತ್ತ ಕಡಿಮೆಯಾದಷ್ಟೂ ಉತ್ತಮ. ಮೂರೂ ಊರುಗಳನ್ನು ಒಟ್ಟಿಗೆ ಇಟ್ಟು ಮೇಲಿನಿಂದ ಆರು ಜನರನ್ನು ಆರಿಸಿದೆ. ಆಸ್ಪರಿಯ ನಗುಮುಖದವಳಿಗೆ ಮೂರು, ಹಾಲಹರವಿಯ ಹಿರಿಯಳಿಗೆ ಮೂರು. ಮದ್ದಿಕೇರದ ಹಿರಿಯರು ಪ್ರತಿ ಸ್ಥಾನಕ್ಕೂ ಇಬ್ಬಿಬ್ಬರನ್ನು ಸಮವೆಂದಿದ್ದರಿಂದ ಅಲ್ಲಿನ ನಾಲ್ವರು ಬಂದರು; ಆರನೆಯವಳ ಮೊತ್ತ ಐದು. ಹಾಲಹರವಿಯ ಕಿರಿಯಳದು ಆರು. ಅವಳ ಹೆಸರಿನ ಮೇಲ್ಗಡೆ ಸ್ಕೇಲಿಟ್ಟು ಗೆರೆ ಎಳೆದೆ. ಆ ದನಿ ಇನ್ನೂ ನನ್ನ ಕಿವಿಯಲ್ಲಿತ್ತು. ಗೆರೆಯ ಮೇಲಿದ್ದ ಇಬ್ಬರು ಮೂವರಿಗಿಂತ ಅವಳು ಎಷ್ಟೋ ಮೇಲೆಂದು ನನಗೆ ಗೊತ್ತಿತ್ತು. ಆದರೂ ಲೆಕ್ಕ ಪಕ್ಷಪಾತ ಮಾಡುವುದಿಲ್ಲ, ಮಾಡುವುದು ನನ್ನ ಕಿವಿ, ಎಂದು ನನಗೆ ನಾನೇ ಹೇಳಿಕೊಂಡೆ.

ಹತ್ತಿ ವ್ಯಾಪಾರಿಯೊಬ್ಬರು ತಮ್ಮ ಗೋದಾಮಿನ ಮಗ್ಗುಲಿನ ಕೋಣೆ ಕೊಟ್ಟಿದ್ದರು. ಕರೆಂಟ್ ಇತ್ತು. ಮೂರು ಕಡೆ ಗೋಡೆಗೆ ಹತ್ತಿಯ ಬೇಲುಗಳನ್ನು ಒಟ್ಟಿದ್ದರಿಂದ ದನಿ ಮಾರ್ದನಿಸುತ್ತಿರಲಿಲ್ಲ. ನಮ್ಮ ಮನೆಯ ಬೀಸುವ ಕಲ್ಲನ್ನು ತಳ್ಳುಗಾಡಿಯಲ್ಲಿ ತಂದಿಟ್ಟೆವು. ಮೊದಲ ದಿನ ನಾಲ್ವರು ಹಾಡಿದರು. ಎರಡನೆಯ ದಿನ ಬೆಳಿಗ್ಗೆ ಆಸ್ಪರಿಯವಳು ಹೊಸ ಸೀರೆ ಉಟ್ಟು ಬಂದು ತನ್ನ ಮೂರೂ ಹಾಡನ್ನು ಒಂದೇ ಉಸಿರಿಗೆಂಬಂತೆ ಹಾಡಿದಳು. ಮೇಡಂ ರೀಲು ಹಿಂದಕ್ಕೆ ಸುತ್ತಿ ಅವಳ ದನಿಯನ್ನು ಅವಳಿಗೇ ಕೇಳಿಸಿದರು. ಅವಳು ಎರಡೂ ಕೈ ಗಲ್ಲಕ್ಕಿಟ್ಟುಕೊಂಡು ಕೇಳಿ, “ನಮ್ಮವ್ವನ ಆವಾಜು ಕೇಳಿದಂಗ ಆತ್ರಿ,” ಎಂದಳು. ಮಧ್ಯಾಹ್ನದ ರೈಲಿಗೆ ಹೋದಳು.

ಅವಳು ಹೋದ ಮೇಲೆ ಹಾಲಹರವಿಯ ಹಿರಿಯಳು ಬಸ್ಸಿಳಿದು ಬಂದಳು. ಕಲ್ಲಿನ ಮುಂದೆ ಕೂತು, ಗೂಟ ಹಿಡಿದು, ಎದುರಿಗಿದ್ದ ಖಾಲಿ ಜಾಗ ನೋಡಿದಳು. “ಇಲ್ಲಿ ಯಾರು ಕುಂದ್ರತಾರ?” ನಾನು ಕೂತೆ. ಕಲ್ಲು ತಿರುಗಿತು. ಅವಳು ಸಾಲಿನ ಅರ್ಧ ಹಾಡಿ ನಿಂತಳು. ಮತ್ತೆ ಎತ್ತಿದಳು, ಅಲ್ಲೇ ನಿಂತಳು. ಮೂರನೆಯ ಸಲ ತಾನೇ ಮುಂದುವರಿಸಲು ಹೋಗಿ ಪದ ತಪ್ಪಿದಳು.

“ಆಗಂಗಿಲ್ಲ್ರಿ ಮೇಡಮ್ಮ.”

“ಯಾಕಮ್ಮ? ಪದ ಮರೆತುಹೋಯ್ತಾ?”

“ಮರ್ತಿಲ್ಲ್ರಿ. ನಾನು ಉಸಿರು ತಗೊಳ್ಳೋ ಜಾಗದಾಗ ಆಕಿ ಹಾಡ್ತಾಳ. ಆಕಿ ಇಲ್ಲಂದ್ರ ಅಲ್ಲಿ ಬರೇ ಉಸಿರು ಉಳೀತೈತಿ. ಆಕಿನ್ನ ಯಾಕ ಕರೀಲಿಲ್ಲ?”

ಮೇಡಂ ಯಂತ್ರ ನಿಲ್ಲಿಸಿ ನನ್ನ ಕಡೆ ತಿರುಗಿದರು. ನಾನು ಪಟ್ಟಿ ತೋರಿಸಿದೆ. ಅವರು ಮೊತ್ತಗಳ ಮೇಲೆ ಬೆರಳಾಡಿಸಿ, “ಸ್ಥಾನಗಳನ್ನು ಕೂಡಿಸಿದಿರಾ?” ಎಂದರು.

“ಹೌದು. ಮೂರು ಊರನ್ನೂ ಸೇರಿಸಿ.”

“ನಳದ ಹತ್ತಿರ ಕೊಡಗಳನ್ನು ಸಾಲಿಗೆ ಇಡುತ್ತಾರಲ್ಲ ಟೀಚರ್. ಮೊದಲನೆಯ ಕೊಡ ಬೆಳಿಗ್ಗೆ ಐದಕ್ಕೆ ಬಂದಿರುತ್ತದೆ, ಎರಡನೆಯದು ಅದರ ಬೆನ್ನಿಗೇ, ಮೂರನೆಯದು ಎಂಟಕ್ಕೆ. ಸಾಲು ನೋಡಿದರೆ ಅದು ಗೊತ್ತಾಗುತ್ತಾ? ಯಾರು ಮುಂದೆ, ಯಾರು ಹಿಂದೆ ಅಷ್ಟೇ ಗೊತ್ತಾಗುವುದು. ಎಷ್ಟು ಮುಂದೆ ಅಂತ ಗೊತ್ತಾಗುವುದಿಲ್ಲ. ಇನ್ನು ಆಸ್ಪರಿಯ ನಳದ ಮೊದಲ ಕೊಡಕ್ಕೂ ಹಾಲಹರವಿಯ ನಳದ ಎರಡನೆಯ ಕೊಡಕ್ಕೂ ಏನು ಸಂಬಂಧ? ಅದನ್ನೆಲ್ಲ ಕೂಡಿಸಿದರೆ ಏನು ಬರುತ್ತದೆ?”

ಅದಕ್ಕೆ ಉತ್ತರ ಹೇಳಿದವಳು ಕಲ್ಲಿನ ಮುಂದೆ ಕೂತಿದ್ದ ಹಿರಿಯಳು.

“ನನ್ನನ್ನ ಮೊದ್ಲು ಇಟ್ಟಿದ್ದು ಹಿರೇಕಿ ಅಂತ್ರಿ. ನಾನು ಎದುರಿಗಿ ಕುಂತಿರಬೇಕಾದ್ರ ನಮ್ಮ ಸಣ್ಣಾಕಿನ್ನ ನನ್ನ ಮ್ಯಾಲ ಅಂತಾರೇನು? ಊರಾಗ ಹಂಗ ಅನ್ನಂಗಿಲ್ಲ. ನಿಮಗ ಇದೂ ಗೊತ್ತಿಲ್ಲೇನ್ರಿ ಅಕ್ಕೋರ?”

ಗೊತ್ತಿರಬೇಕಾಗಿತ್ತು. ಮೇಡಂ ಹೊರಗಿನವರು, ನಾನು ಈ ಸೀಮೆಯಲ್ಲೇ ಹುಟ್ಟಿದವಳು.

ಮರುದಿನ ಹಿರಿಯಳ ಜೊತೆ ಮೊದಲ ಬಸ್ಸಿಗೆ ಹಾಲಹರವಿಗೆ ಹೋದೆ. ದಾರಿಯಲ್ಲಿ ಅವಳು ಒಂದೇ ಮಾತು ಹೇಳಿದಳು: “ಎಂಟು ದಿನ ಆತು, ಆಕಿ ಬೀಸೋವಾಗ ಬಾಯಿ ಬಿಟ್ಟಿಲ್ಲ. ಸುಮ್ನ ಕಲ್ಲು ತಿರುವ್ತಾಳ.” ಊರು ಮುಟ್ಟಿದಾಗ ಕಿರಿಯಳು ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು, ತೊಡೆಯ ಮೇಲೆ ಒಂದು ಕೂಸು. ನನ್ನನ್ನು ನೋಡಿ ಏಳಲಿಲ್ಲ.

“ಎಲ್ಡನೇ ನಂಬರಾಕಿ ಕೂಡ ನಿಮಗೇನು ಕೆಲಸ್ರಿ?”

ನಾನು ಓದಿ ಹೇಳಿದ ದಿನದಿಂದ ಬಾವಿಯ ಹತ್ತಿರ ಅವಳಿಗೆ ಅದೇ ಹೆಸರಾಗಿತ್ತು. ಓಣಿಯ ಮಕ್ಕಳೂ ‘ನಂಬರ್ ಎಲ್ಡು’ ಎಂದು ಕೂಗಿ ಓಡುತ್ತಿದ್ದರು. ನಾನು ನಿಂತುಕೊಂಡೇ ಆದದ್ದನ್ನೆಲ್ಲ ಹೇಳಿದೆ. ಕೂಡಿಸಬಾರದ್ದನ್ನು ಕೂಡಿಸಿದೆ, ಓದಬಾರದ್ದನ್ನು ಓದಿದೆ, ತಪ್ಪು ನನ್ನದು ಎಂದೆ. ಅವಳು ಕೇಳುತ್ತ ಉಣ್ಣೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಶಾಲ್ಯಾಗ ಮಕ್ಕಳಿಗೂ ಹಿಂಗ ಓದಿ ಹೇಳ್ತೀರೇನ್ರಿ?”

“ಹೇಳ್ತೀನಿ.”

“ಅಳ್ತಾವೇನು?”

“ಕಡೀಕ ಬಂದವು ಅಳ್ತಾವ.”

“ನಾನು ಅಳ್ಲಿಲ್ಲ್ರಿ,” ಎಂದಳು.

ನನ್ನ ಮಾತಿನಿಂದ ಅವಳು ಎದ್ದಳೆಂದು ಹೇಳಿಕೊಳ್ಳಲಾರೆ. ಹಿರಿಯಳು ಕೈಕಾಲು ತೊಳೆದು ಬಂದು, ಅವಳ ತೊಡೆಯ ಮೇಲಿನ ಕೂಸನ್ನು ಎತ್ತಿಕೊಂಡು, “ನಿನ್ನೆ ಆ ಹಾಡು ಹಿಡಿಯೋ ಪೆಟಿಗಿ ಮುಂದ ಮೂರು ಸಲ ಅರ್ಧಕ್ಕ ನಿಂತೆ. ನನಗ ನಾಚಿಕಿ ಆತು. ನಡಿ, ಪದ ಮುಗಿಸಿ ಬರೋಣು,” ಎಂದಳು. ಕಿರಿಯಳು ಉಣ್ಣೆಯನ್ನು ಬುಟ್ಟಿಗೆ ತುಂಬಿ, “ನಡಿ ಅಕ್ಕ,” ಎಂದಳು. ಮಧ್ಯಾಹ್ನದ ಬಸ್ಸಿಗೆ ನಾವು ಮೂವರೂ, ಕೂಸೂ ಆದೋನಿಗೆ ಬಂದೆವು.

ಆಗ ಇನ್ನೊಂದು ತೊಡಕು ಎದ್ದಿತು. ರೀಲಿನಲ್ಲಿ ಉಳಿದದ್ದು ನಾಲ್ಕು ನಿಮಿಷ; ಹಿರಿಯಳೊಬ್ಬಳು ಪದದ ಒಂದಿಷ್ಟು ಸಾಲು ಹಾಡಿದರೆ ಸಾಕೆಂದು ಅಷ್ಟನ್ನೇ ಬಿಟ್ಟಿದ್ದೆವು. ಇವರ ಪದಕ್ಕೆ ಹತ್ತು ನಿಮಿಷ ನಲವತ್ತು ಸೆಕೆಂಡು ಬೇಕು. ಮೇಡಂ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಸೆಕೆಂಡುಗಳನ್ನು ಕೂಡಿಸುವುದಕ್ಕೆ, ಕಳೆಯುವುದಕ್ಕೆ, ಎಷ್ಟು ಪಟ್ಟು ಎನ್ನುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಸೊನ್ನೆ ಸೆಕೆಂಡು ಎಂದರೆ ಹಾಡೇ ಇಲ್ಲ. ಆ ಹಾಳೆಯಲ್ಲಿ ನಾನು ಕಲಿಸುವ ಕೂಡು, ಕಳೆ, ಗುಣಿಸು, ಭಾಗಿಸು ನಾಲ್ಕೂ ಲೆಕ್ಕಗಳನ್ನು ತಡೆಯಿಲ್ಲದೆ ಮಾಡಬಹುದಾದ ಕಾಲಂ ಅದೊಂದೇ. ಉತ್ತರ ಬೇಗ ಸಿಕ್ಕಿತು. ಇನ್ನೂ ಆರು ನಿಮಿಷ ನಲವತ್ತು ಸೆಕೆಂಡು ಬೇಕು. ಖಾಲಿ ಭಾಗಕ್ಕೆ ಹೊಂದಿಕೊಂಡು ಹಿಂದೆ ಇದ್ದದ್ದು ಆಸ್ಪರಿಯವಳ ಹಾಡು. ಅವಳ ಎರಡು ಬೀಸುವ ಪದ ಸೇರಿ ಆರು ನಿಮಿಷ ಐವತ್ತು. ಅವುಗಳ ಹಿಂದೆ ಐವತ್ತು ಸೆಕೆಂಡಿನ ಜೋಗುಳ.

“ಇನ್ನೊಂದು ರೀಲು ತರಿಸಕ್ಕ ಆಗಂಗಿಲ್ಲೇನು ಮೇಡಂ?”

“ಯಂತ್ರ ನಾಳೆಯೇ ವಾಪಸು ಹೋಗಬೇಕು.”

“ಹಂಗಾದ್ರ ಆಕಿದು ಅಳಿಸೋದು? ಆಕಿ ಊರಾಗ ಆಕೀನ ಮೊದಲನೇಕಿ.”

“ಅವಳು ಕೆಟ್ಟದಾಗಿ ಹಾಡಿದಳು ಅಂತ ಅಲ್ಲ ಟೀಚರ್. ರೀಲಿನಲ್ಲಿ ಕೊನೆಗೆ ಬಂದಳು ಅಂತ.” ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಜೋಗುಳ ಉಳಿಯುತ್ತದೆ.”

ಅಳಿಸುವುದೆಂದರೆ ಬೇರೆ ಕೆಲಸವೇನೂ ಇರಲಿಲ್ಲ. ಜೋಗುಳ ಮುಗಿದ ಜಾಗಕ್ಕೆ ರೀಲು ತಂದು ನಿಲ್ಲಿಸಿ, ಅದರ ಮೇಲೆಯೇ ಹೊಸದನ್ನು ಹಿಡಿಯುವುದು. ವಾರಗಿತ್ತಿಯರು ಎದುರು ಬದುರು ಕೂತರು. ಕೂಸನ್ನು ನಾನು ಎತ್ತಿಕೊಂಡು ಬೇಲುಗಳ ಪಕ್ಕದಲ್ಲಿ ನಿಂತೆ. ಹಾಲಹರವಿಯಲ್ಲಿ ಕೇಳಿದ್ದಕ್ಕಿಂತ ಸ್ವಲ್ಪ ನಿಧಾನವಾಗಿ ಹಾಡಿದರು, ಪರಿಚಯವಿಲ್ಲದ ನಮ್ಮ ಕಲ್ಲಿನ ಮೇಲೆ ಕೈ ಕೂರಲು ಹೊತ್ತು ಹಿಡಿಯಿತೇನೋ. ಆದ್ದರಿಂದ ಕೊನೆಯ ಸಾಲು ರೀಲಿಗೆ ಸಿಗಲಿಲ್ಲ. ಟೇಪಿನ ತುದಿ ಕಳಚಿ ಚಕ್ರದ ಮೇಲೆ ಪಟಪಟ ಹೊಡೆದುಕೊಳ್ಳತೊಡಗಿತು. ಅವರಿಬ್ಬರೂ ಅದನ್ನು ಲೆಕ್ಕಿಸದೆ ಪದ ಮುಗಿಸಿದರು.

ಬಸ್ಸಿಗೆ ಹತ್ತಿಸಲು ಹೋದಾಗ ಕಿರಿಯಳು ನನ್ನಿಂದ ಕೂಸನ್ನು ತೆಗೆದುಕೊಳ್ಳುತ್ತ, “ಇದನ್ನೂ ಬರ್ಕೊಳ್ರಿ ಅಕ್ಕೋರ, ಕಡೀ ಸಾಲು ನಾವು ಬಿಟ್ಟಿಲ್ಲ, ನಿಮ್ಮ ಪೆಟಿಗಿ ಬಿಟ್ಟೈತಿ,” ಎಂದಳು. ನಗುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಹಾಳೆಯ ಕೆಳಗೆ ಅದನ್ನು ಬರೆದೆ.

ಮೇಡಂ ಹೋದರು. ನಾಲ್ಕೈದು ವರ್ಷದ ಮೇಲೆ ಅವರ ಲೇಖನವೊಂದು ಅಚ್ಚಾಗಿ ಅಂಚೆಯಲ್ಲಿ ಬಂತು. ಸ್ಥಾನಗಳ ಕಾಲಂ ಅದರಲ್ಲಿ ಇರಲಿಲ್ಲ. ಅದರ ಕಾರಣವನ್ನು ಒಂದು ಅಡಿಟಿಪ್ಪಣಿಯಲ್ಲಿ ಎರಡು ಸಾಲಿನಲ್ಲಿ ಹೇಳಿದ್ದರು. ಶಾಲೆಯಲ್ಲಿ ನಾನು ಸ್ಥಾನಗಳನ್ನು ಗಟ್ಟಿಯಾಗಿ ಓದುವುದನ್ನು ಆ ವರ್ಷದಿಂದಲೇ ಬಿಟ್ಟಿದ್ದೆ. ಹೆಡ್‌ಮಾಸ್ತರ್ ಕಾರಣ ಕೇಳಿದಾಗ ಗಂಟಲು ನೋವು ಎಂದಿದ್ದೆ. ಮುಂದಿನ ವರ್ಷ ಅವರು ಕೇಳಲಿಲ್ಲ.

ಆ ಬೇಸಿಗೆ ಕಳೆದು, ಮಳೆಗಾಲವೂ ಕಳೆದು, ಹತ್ತಿ ಬಿಡಿಸುವ ದಿನಗಳಲ್ಲಿ ಗುಂತಕಲ್ಲಿಗೆ ಹೋಗುತ್ತಿದ್ದಾಗ ಆಸ್ಪರಿ ಸ್ಟೇಷನ್ನಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ಆ ನಗುಮುಖದವಳು ಬುಟ್ಟಿ ಹೊತ್ತು ನಮ್ಮ ಡಬ್ಬಿಗೇ ಹತ್ತಿದಳು. ನನ್ನನ್ನು ಗುರುತು ಹಿಡಿದು ಬಾಜುವಿಗೆ ಬಂದು ಕೂತಳು. ಕುಶಲ ಕೇಳಿ ಮುಗಿಸಿ, ನಾನು ಹೆದರಿದ್ದನ್ನೇ ಕೇಳಿದಳು.

“ನನ್ನ ಪದ ಪೆಟಿಗ್ಯಾಗ ಇನ್ನೂ ಅದಾವೇನ್ರಿ?”

ಅದಾವ ಎಂದು ಹೇಳಿ ಸುಮ್ಮನಿರಬಹುದಿತ್ತು. “ಒಂದು ಐತಿ. ಎಲ್ಡು ಅಳಿಸೀವಿ,” ಎಂದೆ.

ಅವಳು ಬುಟ್ಟಿಯ ಮೇಲಿನ ಬಟ್ಟೆ ಸರಿಪಡಿಸಿದಳು. “ನನ್ನ ಆವಾಜು ಚೊಲೋ ಇರ್ಲಿಲ್ಲೇನು?”

“ಚೊಲೋ ಇತ್ತವ್ವಾ. ರೀಲು ಸಾಲ್ಲಿಲ್ಲ. ನೀನು ಕಡೀಕ ಹಾಡಿದ್ದಿ, ಅದಕ್ಕ.”

“ಯಾವ್ದು ಉಳಿಸೀರಿ?”

“ಜೋಗುಳ.”

“ಅದು ಸಣ್ಣದಲ್ರಿ,” ಎಂದಳು. “ದೊಡ್ಡವ್ನ ಉಳಿಸಬೇಕಿತ್ತು. ಬೀಸೋ ಪದ ನಮ್ಮ ಅತ್ತಿ ಕಲಿಸಿದ್ವು. ಜೋಗುಳ ಯಾರ್ಬೇಕಾದ್ರೂ ಹಾಡ್ತಾರ.”

ಯಾವುದು ಹೆಚ್ಚಿನದು ಎಂದು ನಾವು ಅವಳನ್ನೇ ಕೇಳಿರಲಿಲ್ಲ. ಕೇಳುವ ಕಾಲಂ ಹಾಳೆಯಲ್ಲಿ ಇರಲಿಲ್ಲ. “ಈಗ ಹೇಳು, ಬರ್ಕೊಂತೀನಿ,” ಎಂದೆ. ಚೀಲದಲ್ಲಿ ಮಕ್ಕಳ ಹಳೆಯ ಕಾಪಿ ಪುಸ್ತಕವೊಂದಿತ್ತು. ಅವಳು ಸುತ್ತ ಕೂತಿದ್ದವರನ್ನು ನೋಡಿ, ದನಿ ತಗ್ಗಿಸಿ, ಮೊದಲ ಪದವನ್ನು ಹಾಡದೆ ಮಾತಿನ ಹಾಗೆ ಹೇಳತೊಡಗಿದಳು. ಅವಳು ಇಳಿಯುವ ಊರು ಬರುವಷ್ಟರಲ್ಲಿ ಒಂದು ಪೂರ್ತಿಯಾಯಿತು, ಇನ್ನೊಂದರ ನಾಲ್ಕು ಸಾಲು ಆಯಿತು. ರೈಲಿನ ಕುಲುಕಿಗೆ ನನ್ನ ಅಕ್ಷರ ಅಲ್ಲಲ್ಲಿ ಓದಲು ಬಾರದಂತಿದೆ.